ಮೊದಲ ಮಂಗಳವಾರದ ಮೇಸ್ತ್ರಿ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್‌ರೇ ಕೋಣೆ ದಾಟಿ, ಲಾಂಡ್ರಿಯ ಬಿಸಿ ಹಬೆ ನುಗ್ಗುವ ಬಾಗಿಲನ್ನೂ ದಾಟಿದರೆ, ಕಾರಿಡಾರು ಮುಗಿಯುವಲ್ಲಿ ಒಂದು ಪ್ರಯೋಗಾಲಯವಿತ್ತು. ಅಲ್ಲಿ ಹದಿನೆಂಟು ವರ್ಷದಿಂದ ದುಡಿಯುತ್ತಿದ್ದ ಹೆಂಗಸನ್ನು ಎಲ್ಲರೂ ಐಸಕ್ಕ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಅದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಯಾವಾಗ ನೋಡಿದರೂ ಪುಡಿ ಐಸು ತುಂಬಿದ ಡಬ್ಬಿ ಅವಳ ಕೈಯಲ್ಲಿ. ಅವಳ ಕೆಲಸವೇ ಅಂಥದ್ದು. ಜೀವಕೋಶದೊಳಗಿನ ಆರ್‌ಎನ್‌ಎಯನ್ನು ಬಿಡಿಸಿ ತೆಗೆಯಬೇಕು, ಅದೋ ತಣ್ಣಗಿಡದಿದ್ದರೆ ನೋಡನೋಡುತ್ತಲೇ ಚೂರುಚೂರಾಗುವ ಮಹಾ ಮುನಿಸಿನ ವಸ್ತು. ಹೊಸದಾಗಿ ಸೇರಿದವರು ಅವಳ ಕೈ ಕುಲುಕಿ ಬೆಚ್ಚಿಬೀಳುತ್ತಿದ್ದರು. "ಹೆದರಬೇಡಿ, ಇನ್ನೂ ಬದುಕಿದ್ದೀನಿ" ಅನ್ನುವುದು ಅವಳ ಹಳೇ ಜೋಕು.

ನಲವತ್ತಾರು ವಯಸ್ಸು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಬಾಗಿಲಲ್ಲೇ ನಿಂತು ಹೋಗಿತ್ತು. ಆಮೇಲೆ ಅಮ್ಮ ಹಾಸಿಗೆ ಹಿಡಿದಳು. ಒಂಬತ್ತು ವರ್ಷ ಅಮ್ಮನ ಔಷಧಿ, ಅಮ್ಮನ ಗಂಜಿ, ಅಮ್ಮನ ಬೈಗುಳ. ಅದೂ ಹೋದ ವರ್ಷ ಮುಗಿಯಿತು. ಈಗ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಬೈಯುವವರೂ ಇಲ್ಲ. ಭಾನುವಾರ ಅತ್ತಿಗೆಯ ಫೋನು ಬರುತ್ತಿತ್ತು. ಫೋನನ್ನು ಒಲೆಯ ಪಕ್ಕ ಒರಗಿಸಿಟ್ಟು ಅತ್ತಿಗೆ ಅಡುಗೆ ಮಾಡುತ್ತಲೇ ಮಾತಾಡುವುದು. ಹಿಂದಿನಿಂದ ಅಣ್ಣನ ದನಿ, "ಯಾರದು?" "ನಿಮ್ಮ ತಂಗಿ, ಇನ್ಯಾರು!" "ಕೇಳಿದೆ ಅಂತ ಹೇಳು." ಕೇಳಿದೆ ಅಂತ ಅತ್ತಿಗೆ ಹೇಳುತ್ತಿದ್ದಳು, ಕುಕ್ಕರು ಕೂಗುತ್ತಿತ್ತು, ಅಲ್ಲಿಗೆ ಆ ವಾರದ ಮಾತು ಮುಗಿಯುತ್ತಿತ್ತು.

ಆ ಪ್ರಯೋಗಾಲಯದಲ್ಲಿ ನಡೆಯುತ್ತಿದ್ದುದು ಮೂತ್ರಕೋಶದ ಕ್ಯಾನ್ಸರಿನ ಅಧ್ಯಯನ. ಆ ಕಾಯಿಲೆಗೆ ಒಂದು ಕೆಟ್ಟ ಚಾಳಿ. ಕೆರೆದು ತೆಗೆದರೂ ಮತ್ತೆ ಬರುತ್ತದೆ. ಹಾಗಾಗಿ ಒಮ್ಮೆ ಬಂದವರು ಮೂರು ತಿಂಗಳಿಗೊಮ್ಮೆ ಮೂತ್ರದ ದಾರಿಯಲ್ಲಿ ಸ್ಕೋಪು, ಅಂದರೆ ಕ್ಯಾಮೆರಾ ಇರುವ ಸಪೂರ ಕೊಳವೆ, ಹಾಕಿಸಿಕೊಂಡು ಒಳಗೆ ನೋಡಿಸಿಕೊಳ್ಳಬೇಕು. ಸ್ಕೋಪಿನ ಕಣ್ಣಿಗೆ ಬೀಳುವ ಮೊದಲೇ ಮೂತ್ರದಲ್ಲಿ ಸುಳಿವು ಸಿಕ್ಕೀತೇ ಅನ್ನುವುದು ಅಧ್ಯಯನದ ಪ್ರಶ್ನೆ. ಸುಳಿವು ಅಂದರೆ ಮೈಕ್ರೋ ಆರ್‌ಎನ್‌ಎ, ಆರ್‌ಎನ್‌ಎಯ ಜಾತಿಯಲ್ಲೇ ತೀರ ಕುಳ್ಳ ಚೂರುಗಳು. ಅವಕ್ಕೆ ಹೆಸರಿಲ್ಲ, ನಂಬರು ಮಾತ್ರ. ನೂರಾ ನಲವತ್ತೈದು, ಇಪ್ಪತ್ತೊಂದು, ಇನ್ನೂರರ ಬಳಗ. ಒಪ್ಪಿಗೆ ಕೊಟ್ಟ ಅರವತ್ತು ಜನ ತಿಂಗಳಿಗೊಮ್ಮೆ ಬಂದು ಒಂದು ಡಬ್ಬಿ ಮೂತ್ರ ಕೊಟ್ಟು ಹೋಗಬೇಕಿತ್ತು. ಮೊದಲ ಮೂರು ತಿಂಗಳು ಎಲ್ಲರೂ ಬಂದರು. ಆಮೇಲೆ ಒಬ್ಬರಿಗೆ ಮೊಣಕಾಲು ನೋವು, ಒಬ್ಬರಿಗೆ ಮಗಳ ಬಾಣಂತನ, ಒಬ್ಬರಿಗೆ ಮರೆವು.

ಒಂದು ತಿಂಗಳೂ ತಪ್ಪದೆ ಬಂದವನು ಮೇಸ್ತ್ರಿ ಒಬ್ಬನೇ.

ಅವನು ನೂಲಿಗೆ ಬಣ್ಣ ಹಾಕುವ ಗಿರಣಿಯಲ್ಲಿ ಮೂವತ್ತೆಂಟು ವರ್ಷ ಬಣ್ಣ ಕಲೆಸಿ ಮೇಸ್ತ್ರಿಯಾದವನು. ಅರವತ್ತಾರರ ತೆಳು ಆಳು, ಇಸ್ತ್ರಿ ಮಾಡಿದ ಅಂಗಿ, ಹೆಬ್ಬೆರಳ ಉಗುರಿನ ಅಂಚಿನಲ್ಲಿ ಯಾವ ಸೋಪಿಗೂ ಹೋಗದ ನೀಲಿ. ಆ ಕಾಲದಲ್ಲಿ ಕೈಗವಸು ಇರಲಿಲ್ಲ, ಬಣ್ಣದ ಪುಡಿಯನ್ನು ಬರಿಗೈಯಲ್ಲೇ ಎತ್ತಿ ಹಾಕುತ್ತಿದ್ದರು. ಮೊದಲ ಸಲ ಮೂತ್ರ ಕೆಂಪಗೆ ಹೋದಾಗ ಅವನು ಹೆದರಲೇ ಇಲ್ಲವಂತೆ. "ಇಷ್ಟು ವರ್ಷ ಒಳಗೆ ಹೋದ ಬಣ್ಣ, ಈಗ ಹೊರಗೆ ಬರ್ತಿದೆ ಅಂದ್ಕೊಂಡೆ ತಂಗಿ. ಯಾವ ತೊಟ್ಟಿಯ, ಯಾವ ಲಾಟಿನ ಕೆಂಪು ಅಂತ ಯೋಚನೆ ಮಾಡ್ತಾ ನಿಂತಿದ್ದೆ." ಗಡ್ಡೆ ಕೆರೆದು ತೆಗೆದರು, ಆರು ವಾರ ಮೂತ್ರಕೋಶಕ್ಕೆ ಔಷಧಿ ತುಂಬಿದರು. ಆಮೇಲೆ ಈ ಅಧ್ಯಯನಕ್ಕೆ ಸಹಿ ಹಾಕಿದ್ದ.

ಪ್ರತಿ ತಿಂಗಳ ಮೊದಲ ಮಂಗಳವಾರ ಸರಿಯಾಗಿ ಒಂಬತ್ತಕ್ಕೆ ಅವನು ಬಾಗಿಲಲ್ಲಿ. ಡಬ್ಬಿ ಕೊಟ್ಟ ಮೇಲೆ ಹೋಗಬಹುದಿತ್ತು, ಆದರೆ ಹೋಗುತ್ತಿರಲಿಲ್ಲ. ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತು, ಐಸಕ್ಕ ಲೇಬಲು ಅಂಟಿಸಿ ಬರುವವರೆಗೆ ಕಾಯುತ್ತಿದ್ದ. ಅವಳು ಎರಡು ಕಾಗದದ ಲೋಟದಲ್ಲಿ ಮೆಷಿನ್ ಚಹಾ ಹಿಡಿದು ಬರುತ್ತಿದ್ದಳು. ಹದಿನೈದು ನಿಮಿಷದ ಮಾತು. ಹೆಂಡತಿ ತೀರಿ ಆರು ವರ್ಷ, ಮಕ್ಕಳಿಲ್ಲ, ತಂಗಿಯೊಬ್ಬಳು ದೂರದ ಊರಲ್ಲಿ. "ಮನೇಲಿ ಮಾತಾಡೋದು ಗೋಡೆ ಗಡಿಯಾರ ಒಂದೇ. ಅದಕ್ಕೂ ಒಂದೇ ಮಾತು ಗೊತ್ತಿರೋದು."

ಒಂದು ದಿನ ಅವನು ಕೇಳಿದ್ದ, "ನನ್ನ ಉಚ್ಚೇಲಿ ಏನಮ್ಮಾ ಹುಡುಕ್ತೀರಿ, ಇಷ್ಟು ಆಸೆಯಿಂದ?"

ಅಧ್ಯಯನ ನಡೆಸುವ ಡಾಕ್ಟರ್ ಮೇಡಂ ಇದನ್ನು ವಿವರಿಸಿದರೆ ಕೇಳಿದವರಿಗೆ ಕಬ್ಬಿಣದ ಕಡಲೆ. ಐಸಕ್ಕ ತನಗೆ ತೋಚಿದ ಹಾಗೆ ಹೇಳಿದಳು. "ಜೀವಕೋಶದ ಒಳಗೆ ಮೇಲಿಂದ ಕೆಳಕ್ಕೆ ಆರ್ಡರ್ ಬರ್ತಾನೇ ಇರುತ್ತೆ. ಇದು ಮಾಡಿ, ಅದು ಮಾಡಿ, ಬೆಳೀರಿ, ಎರಡಾಗಿ ಅಂತ. ಈ ಕುಳ್ಳಪ್ಪಗಳ ಕೆಲಸ ಆರ್ಡರ್ ಮೇಲೆ ಹೋಗಿ ಕೂತ್ಕೊಂಡು ತಡೆಯೋದು."

"ಅಂದ್ರೆ ಸಾಕು ಅನ್ನೋರು." ಮೇಸ್ತ್ರಿಯ ಮುಖ ಅರಳಿತು. "ನಮ್ಮಲ್ಲೂ ಒಬ್ಬ ಇದ್ದ. ತೊಟ್ಟಿ ಪಕ್ಕ ಸ್ಟೂಲ್ ಹಾಕ್ಕೊಂಡು ಕೂರೋನು. ನೂಲು ಬಣ್ಣ ಕುಡಿದಿದ್ದು ಸಾಕು ಅನ್ನಿಸಿದ್ರೆ ಕೈ ಎತ್ತೋನು. ಕೂತು ತಿನ್ನೋ ಕೆಲಸ ಅಂತ ಎಲ್ಲರಿಗೂ ಹೊಟ್ಟೆಕಿಚ್ಚು. ಅವನು ಮಗನ ಮದುವೆಗೆ ಅಂತ ನಾಲ್ಕು ದಿನ ರಜಾ ಹಾಕಿದ ನೋಡಿ, ಇಡೀ ಲಾಟು ಇದ್ದಿಲಿನ ಹಾಗಾಯ್ತು."

"ಹಾಗೇನೇ. ನೂರಾ ನಲವತ್ತೈದು ಆ ಥರದವನು. ಅವನು ಕಡಿಮೆಯಾದ್ರೆ ಗಡ್ಡೆ ಬೆಳೆಯುತ್ತೆ. ಇಪ್ಪತ್ತೊಂದು ಇದ್ದಾನಲ್ಲ, ಅವನು ಒಳಸಂಚಿನವನು. ತಡೆಯೋರನ್ನೇ ತಡೀತಾನೆ. ಇನ್ನು ಇನ್ನೂರರ ಬಳಗ ಅಂತಿದೆ. ಗೋಡೆಯ ಕೋಶಗಳು ಪಕ್ಕದವರ ಕೈ ಹಿಡ್ಕೊಂಡು ನಿಂತಿರೋ ಹಾಗೆ ನೋಡ್ಕೊಳ್ಳೋದು ಅವರು. ಅವರು ಹೋದ್ರೆ ಕೋಶಗಳು ಕೈ ಬಿಟ್ಟು, ಸಪೂರ ಆಗಿ, ಒಂದೊಂದಾಗಿ ನಡೆದು ಹೊರಟುಹೋಗ್ತವೆ. ಹರಡೋದು ಅಂದ್ರೆ ಅದೇ."

ಮೇಸ್ತ್ರಿ ಲೋಟದ ತಳ ನೋಡಿದ. "ಕೈ ಬಿಡೋದೇ ಕಾಯಿಲೆ ಅಂದ್ರೆ, ನಾನಿರೋ ಇಡೀ ಬೀದಿಗೇ ಕ್ಯಾನ್ಸರ್ ಆಗಿದೆ, ಬಿಡಿ" ಎಂದು ನಕ್ಕ. ಐಸಕ್ಕನೂ ನಕ್ಕಳು. ಆ ನಗು ಮನೆಗೆ ಹೋಗುವ ಬಸ್ಸಿನಲ್ಲೂ ಸ್ವಲ್ಪ ಉಳಿದಿತ್ತು. ಕಿಟಕಿಯ ಗಾಜಿನಲ್ಲಿ ತನ್ನ ಮುಖ ನೋಡಿ ಅವಳೇ ಬಾಯಿ ಮುಚ್ಚಿಕೊಂಡಳು.

ಹೀಗೆ ಹದಿಮೂರು ತಿಂಗಳು ಕಳೆಯಿತು. ಹದಿನಾಲ್ಕನೆಯ ಡಬ್ಬಿಯಲ್ಲಿ ಎಡವಟ್ಟಾಯಿತು.

ಯಂತ್ರ ಒಂದೊಂದು ಸುತ್ತಿಗೂ ಚೂರುಗಳನ್ನು ಇಮ್ಮಡಿ ಮಾಡುತ್ತದೆ, ಅದರ ಪರದೆಯ ಮೇಲೆ ಪ್ರತಿ ಮಾದರಿಗೂ ಒಂದೊಂದು ಗೆರೆ ಮೇಲೇಳುತ್ತದೆ. ಹುಡುಕುವ ಚೂರು ಹೆಚ್ಚಿದ್ದರೆ ಗೆರೆ ಬೇಗ ಏಳುತ್ತದೆ, ಕಡಿಮೆಯಿದ್ದರೆ ತಡವಾಗಿ. ನೂರಾ ನಲವತ್ತೈದರ ಗೆರೆ ಒಂದು ಮಾದರಿಯಲ್ಲಿ ನಾಲ್ಕು ಸುತ್ತು ತಡವಾಗಿ ಎದ್ದಿತು. ನಾಲ್ಕು ಸುತ್ತು ಅಂದರೆ ಹೋದ ತಿಂಗಳು ಇದ್ದದ್ದರ ಹದಿನಾರರಲ್ಲಿ ಒಂದು ಪಾಲು ಮಾತ್ರ ಉಳಿದಿದೆ ಅಂತ. ಇನ್ನೂರರ ಬಳಗವೂ ಇಳಿದಿತ್ತು. ಇಪ್ಪತ್ತೊಂದು ಏರಿತ್ತು. ಪಿಪೆಟ್ಟು ಹಿಡಿದದ್ದು ತಪ್ಪಿರಬೇಕು ಎಂದು ಅವಳು ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಮರುದಿನ ಮತ್ತೊಮ್ಮೆ ಮಾಡಿದಳು. ಗೆರೆ ಅಲ್ಲೇ ಬಂದು ನಿಂತಿತು.

ಮಾದರಿಗಳ ಮೇಲೆ ಇರುವುದು ನಂಬರು ಮಾತ್ರ. ಯಾರದ್ದು ಎಂದು ಪರೀಕ್ಷೆ ಮಾಡುವವರು ನೋಡಬಾರದು, ಅದು ಕಟ್ಟುನಿಟ್ಟಿನ ನಿಯಮ. ಆದರೆ ಡಬ್ಬಿ ಇಸಿದುಕೊಂಡು ಲೇಬಲು ಅಂಟಿಸುವವಳೂ ಅವಳೇ, ಯಂತ್ರ ನಡೆಸುವವಳೂ ಅವಳೇ. ಬೇರೆಯವರ ನಂಬರು ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಮೂವತ್ತೇಳು ಯಾರೆಂದು ಮಾತ್ರ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು.

ಮೇಡಂ ಬಳಿ ಹೋದಳು. ಮೇಡಂ ಕೆಟ್ಟವರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೂವತ್ತೇಳಕ್ಕೆ ಸ್ಕೋಪ್ ಆಗಿ ಎಷ್ಟು ದಿನ ಆಯ್ತು?"

"ಎರಡು ವಾರ. ಏನೂ ಇಲ್ಲ ಅಂತ ಬರೆದಿದ್ದಾರೆ."

"ಮತ್ತೆ? ನಮ್ಮದು ಇನ್ನೂ ಪರೀಕ್ಷೆ ಅಲ್ಲ ಅಕ್ಕಾ, ಪ್ರಶ್ನೆ. ಇಲ್ಲಿವರೆಗೆ ಹನ್ನೆರಡು ಜನಕ್ಕೆ ಹೀಗೆ ಇಳೀತು. ಏಳು ಜನಕ್ಕೆ ಕಾಯಿಲೆ ತಿರುಗಿ ಬಂತು, ಐದು ಜನ ಗುಂಡುಕಲ್ಲಿನ ಹಾಗಿದ್ದಾರೆ. ಆ ಐದು ಜನಕ್ಕೆ ಹೇಳಿದ್ದಿದ್ರೆ? ಹೋದ ನೆಮ್ಮದೀನ ನಾವು ತಂದುಕೊಡ್ತಿದ್ವಾ?" ಕನ್ನಡಕ ಮತ್ತೆ ಹಾಕಿಕೊಂಡು ಕೇಳಿದರು, "ಅಲ್ಲ, ಅವರು ಯಾರು ಅಂತ ನಿಮಗೆ ಗೊತ್ತಾ?"

"ಇಲ್ಲ" ಎಂದಳು ಐಸಕ್ಕ. ಹದಿನೆಂಟು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ಹೇಳಿದ ಮೊದಲ ಸುಳ್ಳು.

ಮುಂದಿನ ಸ್ಕೋಪಿಗೆ ಎರಡೂವರೆ ತಿಂಗಳಿತ್ತು. ವಾರದ ಉಳಿದ ದಿನಗಳನ್ನು ಅವಳು ಹೇಗೋ ತಳ್ಳಿದಳು. ಭಾನುವಾರ ಅತ್ತಿಗೆಯ ಫೋನು ಬರುವ ಹೊತ್ತಿಗೆ ಮನೆಯಲ್ಲಿರಲಿಲ್ಲ. ಮೇಸ್ತ್ರಿ ಮಾತಿನ ನಡುವೆ ಹೇಳಿದ್ದ ಗುರುತು ಹಿಡಿದು, ಹಳೇ ಗಿರಣಿಯ ಹಿಂದಿನ ಬೀದಿಯಲ್ಲಿ, ಹಸಿರು ಬಾಗಿಲಿನ ಮನೆಯ ಮುಂದೆ ನಿಂತಿದ್ದಳು.

ಬಾಗಿಲು ತೆಗೆದವನು ಒಂದು ಕ್ಷಣ ಅವಳ ಗುರುತೇ ಹಿಡಿಯಲಿಲ್ಲ. ಬಿಳಿ ಕೋಟು ಇರಲಿಲ್ಲವಲ್ಲ. ಆಮೇಲೆ "ಅಯ್ಯೋ ತಂಗೀ! ಬನ್ನಿ, ಬನ್ನಿ" ಎಂದು ಎರಡು ಹೆಜ್ಜೆ ಹಿಂದೆ ಹೋಗಿ, ಕುರ್ಚಿಯ ಮೇಲಿದ್ದ ಪೇಪರು ಎತ್ತಿ ಎಲ್ಲಿಡುವುದು ತಿಳಿಯದೆ ಮತ್ತೆ ಅಲ್ಲೇ ಇಟ್ಟು, ಮತ್ತೆ ಎತ್ತಿದ. ಒಂದೇ ಕೋಣೆ. ಮಂಚ, ಒಲೆ, ಹಗ್ಗದ ಮೇಲೆ ಎರಡು ಅಂಗಿ. ಗೋಡೆಯ ಉದ್ದಕ್ಕೆ ಮೊಳೆಗಳಿಗೆ ನೇತುಹಾಕಿದ ನೂಲಿನ ಸಣ್ಣ ಲಡಿಗಳು, ನೂರಕ್ಕೂ ಹೆಚ್ಚು, ಪ್ರತಿಯೊಂದೂ ಒಂದೊಂದು ಬಣ್ಣ. ಅವನು ಕಲೆಸಿದ ಒಳ್ಳೆಯ ಲಾಟುಗಳ ತುಣುಕುಗಳಂತೆ. ಚಹಾ ಮಾಡಿದ. ಒಂದು ಲೋಟ ಕಪಾಟಿನ ಮೇಲಿನಿಂದ ಇಳಿಸಿ, ಧೂಳು ತೊಳೆದು, ಮತ್ತೊಮ್ಮೆ ತೊಳೆದು ಅವಳಿಗೆ ಕೊಟ್ಟ.

"ಈ ಮನೆಗೆ ಮೀಟರ್ ನೋಡೋನು ಬಿಟ್ರೆ ಮನುಷ್ಯರು ಬಂದು ಎಷ್ಟು ದಿನ ಆಯ್ತೋ! ನೀವು ಬಂದ್ರಲ್ಲ, ಇವತ್ತು ನನಗೆ..." ಮಾತು ಮುಗಿಸದೆ ಲಡಿಯೊಂದನ್ನು ಮೊಳೆಯಿಂದ ತೆಗೆದು ತೋರಿಸಿದ. "ಇದು ನೋಡಿ. ಈ ಹಳದಿ ಮೂರು ಸಲ ಕೆಟ್ಟು ನಾಲ್ಕನೇ ಸಲಕ್ಕೆ ಸಿಕ್ಕಿದ್ದು."

ಈಗ ಹೇಳಿಬಿಡಬೇಕು. ಬಾಯಿ ತೆರೆದಳು. ಅವನು ಕತ್ತು ಚಾಚಿ ಕೇಳುತ್ತಿದ್ದ, ಮುಖದ ತುಂಬ ಆ ಸಂತೋಷ. "ಚಹಾ ಚೆನ್ನಾಗಿದೆ ಮೇಸ್ತ್ರಿಗಳೇ" ಎಂದಳು. ಒಂದು ಗಂಟೆ ಕೂತು, ಎರಡನೇ ಲೋಟವನ್ನೂ ಕುಡಿದು, ಏನೂ ಹೇಳದೆ ಎದ್ದು ಬಂದಳು. ಬೀದಿಯ ತಿರುವಿನಲ್ಲಿ ತಿರುಗಿ ನೋಡಿದರೆ ಅವನಿನ್ನೂ ಬಾಗಿಲಲ್ಲೇ ನಿಂತಿದ್ದ.

ಸೋಮವಾರ ಬೆಳಿಗ್ಗೆ ನೇರ ಸ್ಕೋಪು ಹಾಕುವ ಸರ್ಜನ್ನರ ಕೋಣೆಗೆ ಹೋದಳು. ಅವರು ಆಸ್ಪತ್ರೆಗೆಲ್ಲ ದೂರ್ವಾಸ. ನಿಂತೇ ಸಹಿ ಹಾಕುವವರು.

"ಸರ್, ಬಣ್ಣದ ಗಿರಣಿಯ ಒಬ್ಬರಿದ್ದಾರಲ್ಲ. ಅವರನ್ನ ಇನ್ನೊಂದು ಸಲ ನೋಡಬೇಕು."

"ಎರಡು ವಾರದ ಕೆಳಗೆ ನೋಡಿದೀನಲ್ಲ! ನನ್ನ ಕಣ್ಣು ಕುರುಡಾ?"

"ಇಲ್ಲ ಸರ್."

"ಮತ್ತೆ ಏನು ಕಾರಣ?"

ಅವಳು ಕದಲಲಿಲ್ಲ. ಹೇಳುವಂತಿಲ್ಲ, ಹೋಗುವಂತಿಲ್ಲ. ಸರ್ಜನ್ನರ ಪೆನ್ನು ನಿಂತಿತು. ಅವರು ಅವಳ ಮುಖವನ್ನು, ಆಮೇಲೆ ಕೋಟಿನ ಮೇಲಿದ್ದ ಪ್ರಯೋಗಾಲಯದ ಬಿಲ್ಲೆಯನ್ನು ನೋಡಿದರು.

"ನೀವು ನನಗೆ ಏನೂ ಹೇಳಿಲ್ಲ. ನಾನು ಏನೂ ಕೇಳಿಲ್ಲ" ಎಂದರು ನಿಧಾನವಾಗಿ. "ಮೂತ್ರದಲ್ಲಿ ಉದುರಿದ ಕೋಶಗಳನ್ನ ಮೈಕ್ರೋಸ್ಕೋಪಿನಲ್ಲಿ ನೋಡೋದು ಮಾಮೂಲಿ ಪರೀಕ್ಷೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ನಾಳೆ ಬರಹೇಳ್ತೀನಿ. ಹೋಗಿ."

ಆ ಪರೀಕ್ಷೆಯಲ್ಲಿ ಅನುಮಾನದ ಕೋಶಗಳು ಕಂಡವು. ಮತ್ತೆ ಸ್ಕೋಪು ಹಾಕಿದರು. ಈ ಸಲ ಆರೋಗ್ಯವಾಗಿ ಕಾಣುವ ಕಡೆಯಿಂದಲೂ ಬಿಡದೆ ಗೋಡೆಯ ಚೂರುಗಳನ್ನು ಚಿವುಟಿ ತೆಗೆದರು. ಎರಡು ಚೂರಿನಲ್ಲಿ ಕಾಯಿಲೆ ಇತ್ತು. ಗಡ್ಡೆಯಂತೆ ತಲೆ ಎತ್ತುವ ಜಾತಿಯಲ್ಲ, ಗೋಡೆಗೆ ಚಪ್ಪಟೆಯಾಗಿ ಅಂಟಿಕೊಂಡು ಹರಡುವ ಜಾತಿ. ಮಾಮೂಲಿ ಬೆಳಕಿನಲ್ಲಿ ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಒಂದು ಕಡೆ ಒಳಪೊರೆ ದಾಟಿ ಕೆಳಕ್ಕೆ ಇಳಿಯಲು ಶುರುಮಾಡಿತ್ತು. ಔಷಧಿ ತುಂಬಿಯೂ ಮತ್ತೆ ಬಂದಿದೆ, ಬೇರಿಳಿಸುತ್ತಿದೆ, ಇನ್ನು ಕಾಯುವುದು ಬೇಡ, ಮೂತ್ರಕೋಶವನ್ನೇ ತೆಗೆಯಬೇಕು ಎಂದರು ಸರ್ಜನ್ನರು.

ಮೇಸ್ತ್ರಿಯ ತಂಗಿ ಊರಿಂದ ಬಂದಳು. ಆಪರೇಷನ್ನು ಆರು ಗಂಟೆ ಹಿಡಿಯಿತು. ತೆಗೆದದ್ದನ್ನು ಪರೀಕ್ಷೆ ಮಾಡಿ ನೋಡಿದರೆ ಕಾಯಿಲೆ ಸ್ನಾಯುವಿಗೆ ಇಳಿದಿರಲಿಲ್ಲ, ಎಲ್ಲಿಗೂ ಹೊರಟಿರಲಿಲ್ಲ. ಎರಡೂವರೆ ತಿಂಗಳು ಬಿಟ್ಟಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದರು ಸರ್ಜನ್ನರು. ಏನೂ ಆಗದೆಯೂ ಇರಬಹುದಿತ್ತು ಎಂದೂ ಹೇಳಿದರು, ಪ್ರಾಮಾಣಿಕರು.

ಆ ವರದಿ ಬಂದ ದಿನವೇ ಐಸಕ್ಕ ಮೇಡಂ ಮುಂದೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡಳು. ನಂಬರು ಗೊತ್ತಿದ್ದದ್ದು, ಮನೆಗೆ ಹೋದದ್ದು, ಸರ್ಜನ್ನರ ಬಾಗಿಲಲ್ಲಿ ನಿಂತದ್ದು. ಮೇಡಂ ಎದ್ದು ಬಾಗಿಲು ಮುಚ್ಚಿ ಬಂದರು. "ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಏನು ಮಾಡ್ತಿದ್ದೆ ಅಂತ ಕೇಳಬೇಡಿ" ಎಂದರು. ಸಂಶೋಧನೆಯ ನೀತಿ ನಿಯಮ ನೋಡುವ ಸಮಿತಿಗೆ ಅವರೇ ಕಾಗದ ಬರೆದರು. ಇನ್ನು ಮುಂದೆ ಯಾರದ್ದಾದರೂ ಹೀಗೆ ಇಳಿದರೆ ಕೋಶಪರೀಕ್ಷೆ ತಾನಾಗಿ ಆಗಬೇಕು ಅಂತ. ಅದೇ ಕಾಗದದ ಕೆಳಗೆ ಇನ್ನೊಂದು ಸಾಲು: ಡಬ್ಬಿ ಇಸಿದುಕೊಳ್ಳುವವರೂ ಯಂತ್ರ ನಡೆಸುವವರೂ ಬೇರೆ ಬೇರೆ ಆಗಿರತಕ್ಕದ್ದು. ಐಸಕ್ಕ ಯಂತ್ರದ ಕೋಣೆಗೇ ಸೀಮಿತವಾದಳು. ಬಾಗಿಲ ಹೊರಗಿನ ಬೆಂಚು ಈಗ ಬೇರೆಯವರ ಪಾಲು.

ವಾರ್ಡಿಗೆ ನೋಡಲು ಹೋದಾಗ ಮೇಸ್ತ್ರಿ ಗೋಡೆಯ ಕಡೆ ತಿರುಗಿ ಮಲಗಿದ್ದ. ಹೊಟ್ಟೆಯ ಬಲಕ್ಕೆ ಮೂತ್ರದ ಚೀಲ ಅಂಟಿಸಿದ್ದರು. ಅವಳು ಸ್ಟೂಲು ಎಳೆದು ಕೂತಳು.

"ಸರ್ಜನ್ ಸಾಹೇಬರು ಹೇಳಿದ್ರು" ಎಂದ ಅವನು, ತಿರುಗದೆ. "ನಿಮಗೆ ಮೊದಲೇ ಗೊತ್ತಿತ್ತಂತೆ."

"ಹೂಂ."

"ಆ ಭಾನುವಾರ?"

"ಹೂಂ, ಗೊತ್ತಿತ್ತು."

ಪಕ್ಕದ ಮಂಚದಲ್ಲಿ ಯಾರೋ ಕೆಮ್ಮಿದರು. ನರ್ಸು ತಳ್ಳುಗಾಡಿಯನ್ನು ನೂಕಿಕೊಂಡು ಹೋದಳು.

"ಜೀವ ಉಳಿಸಿದ್ರಿ. ನಾನು ಕೃತಘ್ನ ಅಲ್ಲ. ಆದರೆ ತಂಗಿ, ನಾನು ಆ ದಿನ ನನ್ನ ನೋಡೋಕೆ ಬಂದಿದ್ದೀರಿ ಅಂದ್ಕೊಂಡಿದ್ದೆ. ನೀವು ಹೋದ ಮೇಲೂ ಎರಡು ದಿನ ಆ ಖುಷೀಲೇ ಇದ್ದೆ. ನೀವು ಬಂದಿದ್ದು ಕಾಯಿಲೆ ನೋಡೋಕೆ."

ಅವಳಿಗೆ ಉತ್ತರ ಇತ್ತು. ಕಾಯಿಲೆ ಇಲ್ಲದಿದ್ದರೆ ಎಂದಿಗಾದರೂ ಆ ಬಾಗಿಲು ತಟ್ಟುತ್ತಿದ್ದೆನೇ ಎಂದು ತನ್ನನ್ನೇ ಕೇಳಿಕೊಂಡಳು, ತಟ್ಟುತ್ತಿರಲಿಲ್ಲ. ಧೈರ್ಯ ಬರುತ್ತಿರಲಿಲ್ಲ. ಆದರೆ ಬಂದ ಮೇಲೆ ಎರಡನೇ ಲೋಟ ಕುಡಿದದ್ದು ಕಾಯಿಲೆಗಾಗಿ ಅಲ್ಲ. ಇಷ್ಟನ್ನು ಹೇಳಲು ಮಾತು ಜೋಡಿಸಿಕೊಳ್ಳುವಷ್ಟರಲ್ಲಿ ಅವನ ತಂಗಿ ಬಿಸಿನೀರಿನ ಫ್ಲಾಸ್ಕು ಹಿಡಿದು ಬಂದಳು. ಐಸಕ್ಕ ಎದ್ದು ಸ್ಟೂಲು ಬಿಟ್ಟುಕೊಟ್ಟಳು.

ಮುಂದಿನ ಮೂರು ವಾರ ಅವಳು ಆ ವಾರ್ಡಿನ ಮಹಡಿಗೆ ಹೋಗಲಿಲ್ಲ. ಬೆಳಿಗ್ಗೆ ಬರುವುದು, ಐಸು ತುಂಬುವುದು, ಗೆರೆ ಏಳುವುದನ್ನು ನೋಡುವುದು, ಸಂಜೆ ಹೋಗುವುದು. ಯಾರ ಬಳಿಯೂ ಮಾತಾಡದೆ ಒಂದಿಡೀ ದಿನ ಕಳೆಯಬಹುದು ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಈಗ ಸತತ ನಾಲ್ಕು ದಿನವೂ ಸಾಧ್ಯ ಎಂದು ತಿಳಿಯಿತು. ಐದನೇ ದಿನ ಬಸ್ಸಿನ ಕಂಡಕ್ಟರನಿಗೆ ನಿಲ್ದಾಣದ ಹೆಸರು ಹೇಳುವಾಗ ದನಿ ಕಟ್ಟಿಕೊಂಡು, ಎರಡು ಸಲ ಹೇಳಬೇಕಾಯಿತು.

ತಿಂಗಳ ಮೊದಲ ಮಂಗಳವಾರ ಒಂಬತ್ತಕ್ಕೆ ಯಂತ್ರದ ಕೋಣೆಯ ಗಾಜನ್ನು ಯಾರೋ ಬಡಿದರು. ಮೇಸ್ತ್ರಿ. ಇಳಿದುಹೋಗಿದ್ದ, ಅಂಗಿ ಹೆಗಲಿನಿಂದ ಜಾರುತ್ತಿತ್ತು, ಆದರೆ ಇಸ್ತ್ರಿ ಇತ್ತು.

"ಇವತ್ತು ಬರಿಗೈಲಿ ಬಂದಿದ್ದೀನಿ ತಂಗಿ" ಎಂದ. "ಕೊಡೋಕೆ ಏನೂ ಉಳಿದಿಲ್ಲ. ನಿಮ್ಮ ಲೆಕ್ಕದಿಂದ ನನ್ನ ಹೆಸರು ಹೊಡೆದುಹಾಕಿದ್ದಾರಂತೆ."

"ಹೆಸರಲ್ಲ, ನಂಬರು."

"ಅದೇ." ಅವನು ನಕ್ಕ, ಹೊಟ್ಟೆ ಹಿಡಿದುಕೊಂಡು, ನೋವಾಗದಂತೆ ನಿಧಾನಕ್ಕೆ. "ಸಂಜೆ ಬಸ್ಸಿಗೆ ನನ್ನ ತಂಗಿ ಜೊತೆ ಹೊರಟೆ. ಮನೆ ಖಾಲಿ ಮಾಡಿ ಆಯ್ತು. ಅಲ್ಲಿ ಅವಳ ಮೊಮ್ಮಕ್ಕಳು ಮೂರು, ಎಲ್ಲ ಕೋತಿಗಳಂತೆ." ಚೀಲದ ಮೇಲೆ ಅಂಗಿ ಸರಿಮಾಡಿಕೊಂಡ. "ಆಸ್ಪತ್ರೇಲಿ ನಾನು ಆ ಮಾತು ಆಡಬಾರದಿತ್ತು."

"ನೀವು ಆಡಿದ್ದು ಸುಳ್ಳೇನಲ್ಲ" ಎಂದಳು ಐಸಕ್ಕ. "ನಾನು ಬಂದಿದ್ದು ಹೇಳೋಕೆ. ಕೂತಿದ್ದು ಮಾತ್ರ ಸುಮ್ಮನೆ. ಕೂರಬೇಕು ಅನ್ನಿಸಿತು."

ಅವನು ತಲೆಯಾಡಿಸಿದ. ಅದು ಅವನಿಗೆ ಅರ್ಥವಾಯಿತೋ, ಸಾಕಾಯಿತೋ, ಅವಳಿಗೆ ತಿಳಿಯಲಿಲ್ಲ. ಬೆಂಚಿನ ಕಡೆ ನೋಡಿದರು. ಅಲ್ಲಿ ಬೇರೆ ಯಾರೋ ಡಬ್ಬಿ ಹಿಡಿದು ಕೂತಿದ್ದರು. ಇಬ್ಬರೂ ಕಾರಿಡಾರಿನಲ್ಲಿ ನಿಂತೇ ಮೆಷಿನ್ ಚಹಾ ಕುಡಿದರು. ಲಾಂಡ್ರಿಯ ಬಾಗಿಲು ತೆರೆದು ಹಬೆ ಬಂತು, ಮುಚ್ಚಿತು. ಅವನು ಖಾಲಿ ಲೋಟವನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಟ. ಕೈ ಮುಗಿದ. ಅವಳೂ ಮುಗಿದಳು. ಕೈಗವಸು ತೆಗೆಯಲು ಮರೆತಿದ್ದಳು.

ಆರು ವಾರ ಸುದ್ದಿ ಇರಲಿಲ್ಲ. ಒಂದು ಭಾನುವಾರ ಅತ್ತಿಗೆಯ ಫೋನು ಮುಗಿದು ಅರ್ಧ ಗಂಟೆಯ ಮೇಲೆ ಇನ್ನೊಮ್ಮೆ ಫೋನು ರಿಂಗಾಯಿತು. ಗೊತ್ತಿಲ್ಲದ ನಂಬರು. ಎತ್ತಿದರೆ ಮಕ್ಕಳ ಕಿರುಚಾಟ, ಪಾತ್ರೆ ಬಿದ್ದ ಸದ್ದು, ಅದರ ನಡುವೆ ಮೇಸ್ತ್ರಿಯ ದನಿ.

"ಕೇಳಿಸ್ತಿದೆಯಾ? ಇಲ್ಲಿ ಬರೀ ಗಲಾಟೆ ತಂಗೀ! ಒಂದು ಮಾತು ನೆಟ್ಟಗೆ ಆಡೋಕಾಗಲ್ಲ!" ಬೈಯುತ್ತಿದ್ದಾನೋ ಹೆಮ್ಮೆಪಡುತ್ತಿದ್ದಾನೋ ಹೇಳಲಾಗದ ದನಿ. "ಚೀಲ ಬದಲಾಯಿಸೋದು ಕಲಿತೆ. ನೀವು ಹೇಗಿದ್ದೀರಿ?"

ಚೆನ್ನಾಗಿದ್ದೀನಿ ಎನ್ನಲು ಹೊರಟಳು. ಎಲ್ಲರಿಗೂ ಹೇಳುವ ಮಾತು. ಬಾಯಿಗೆ ಬರಲಿಲ್ಲ.

"ಒಬ್ಬಳೇ ಇದ್ದೀನಿ ಮೇಸ್ತ್ರಿಗಳೇ" ಎಂದಳು.

ಆ ಕಡೆ ಅವನು ಮಕ್ಕಳನ್ನು ಗದರಿದ. ಸದ್ದು ಸ್ವಲ್ಪ ತಗ್ಗಿತು. "ಏನಂದ್ರಿ? ಕೇಳಿಸಲಿಲ್ಲ."

ಅವಳು ಕಿಟಕಿಯ ಬಳಿ ಹೋಗಿ ನಿಂತಳು. ಎದುರು ಮನೆಯವರು ಹಗ್ಗದ ಮೇಲಿನ ಬಟ್ಟೆ ಎತ್ತುತ್ತಿದ್ದರು. ಅದೇ ಮಾತನ್ನು ಇನ್ನೊಮ್ಮೆ ಆಡಲು ಆಗಲಿಲ್ಲ.

"ನಿಮ್ಮೂರಿಗೆ ಬೆಳಿಗ್ಗೆ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದೆ."

"ಬಸ್ಸಾ? ತಡೀರಿ, ತಡೀರಿ" ಎಂದು ಅವನು ಫೋನನ್ನು ಎಲ್ಲೋ ಕುಕ್ಕಿಟ್ಟು, ಬಸ್ಸಿನ ಹೊತ್ತು ಕೇಳಲು ತಂಗಿಯನ್ನು ಜೋರಾಗಿ ಕೂಗುತ್ತ ಒಳಗೆ ಹೋದ. ಐಸಕ್ಕ ಫೋನು ಕಿವಿಗೆ ಒತ್ತಿಕೊಂಡು ಕಾದಳು.